ಮೊದಲು ಟೈರ್, ಆಮೇಲೆ ಸೈಕಲ್

ದೂರದ ಸವಾರಿಗೆ ಸೈಕಲ್ ಕೊಳ್ಳಬೇಕು ಅಂತ ಹೊರಟವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ತೂಕ ಎಷ್ಟು? ಆಮೇಲೆ, ಕಾರ್ಬನ್ನಾ, ಅಲ್ಯೂಮಿನಿಯಮ್ಮಾ? ಆಮೇಲೆ ಗೇರಿನ ಮಾತು. ಟೈರ್ ವಿಷಯಕ್ಕೆ ಬರುವ ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ, ಉತ್ಸಾಹವೂ ಇಳಿದಿರುತ್ತದೆ. "ಜೊತೆಗೆ ಬಂದದ್ದೇ ಇರಲಿ ಬಿಡಿ" ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ.

ನನ್ನನ್ನು ಕೇಳಿದವರಿಗೆ ನಾನು ಈ ಸಾಲನ್ನೇ ತಿರುಗಿಸಿ ಹೇಳುತ್ತೇನೆ. ಯಾವ ಟೈರ್ ಮೇಲೆ ಓಡಿಸುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ಆ ಟೈರ್ ಹಿಡಿಸುವ ಫ್ರೇಮ್ ಯಾವುದು ಅಂತ ಆಮೇಲೆ ಹುಡುಕಿ. ತೂಕದ ಮಾತು ಕೊನೆಗೆ ಬಂದರೂ ಸಾಕು. ಇದು ಹಟಕ್ಕೆ ಹೇಳುವ ಮಾತು ಅನ್ನಿಸಬಹುದು. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ.

ಒಂದು ಕಿಲೋ ತೂಕವನ್ನು 1,000 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 9,800 ಜೂಲ್ ಶಕ್ತಿ ಬೇಕು. ಏರಿನಲ್ಲಿ 150 ವಾಟ್ ಹಾಕುವ ಸಾಧಾರಣ ಸವಾರರಿಗೆ ಅದು 65 ಸೆಕೆಂಡಿನ ಕೆಲಸ. ಅಂದರೆ ಸೈಕಲ್ ಒಂದು ಕಿಲೋ ಹಗುರವಾದರೆ ಪ್ರತಿ ಸಾವಿರ ಮೀಟರ್ ಏರಿಗೆ ಒಂದು ನಿಮಿಷ ಚಿಲ್ಲರೆ ಉಳಿಯುತ್ತದೆ. ಫ್ರಾನ್ಸ್‌ನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯನ್ನೇ ತೆಗೆದುಕೊಳ್ಳಿ. ದೂರ ಸುಮಾರು 1,200 ಕಿ.ಮೀ., ಒಟ್ಟು ಏರು ಸುಮಾರು 12,000 ಮೀಟರ್. ಒಂದು ಕಿಲೋ ಕಳೆದರೆ ಅಲ್ಲಿ ಸಿಗುವ ಲಾಭ 13 ನಿಮಿಷ. ಮುಗಿಸಲು ಇರುವ ಸಮಯ 90 ಗಂಟೆ. ಕತ್ತಲಲ್ಲಿ ಒಂದು ಪಂಕ್ಚರ್ ಆದರೆ ಆ 13 ನಿಮಿಷ ಅಲ್ಲೇ ಹೋಯಿತು.

ಈಗ ಟೈರ್ ಲೆಕ್ಕ. ಚಕ್ರ ಉರುಳುವಾಗ ಟೈರ್ ತಾನೇ ತಿಂದುಹಾಕುವ ಶಕ್ತಿಗೆ ರೋಲಿಂಗ್ ರೆಸಿಸ್ಟೆನ್ಸ್ ಅನ್ನುತ್ತಾರೆ. ಒಳ್ಳೆಯ ಮೃದುವಾದ ರೋಡ್ ಟೈರ್‌ಗೆ ಇದರ ಗುಣಾಂಕ 0.004ರ ಆಸುಪಾಸು. ದಪ್ಪ ರಬ್ಬರಿನ, ಬಿರುಸಾದ ಟೈರ್‌ಗೆ 0.007ರವರೆಗೂ ಹೋಗಬಹುದು. ನೋಡಲು ಚಿಕ್ಕ ಸಂಖ್ಯೆಗಳು. ಸವಾರರು, ಸೈಕಲ್, ಚೀಲ ಎಲ್ಲ ಸೇರಿ 90 ಕಿಲೋ, ಸಮತಟ್ಟು ರಸ್ತೆ, ಎದುರುಗಾಳಿ ಇಲ್ಲ, ಕಾಲಿನಿಂದ ಬರುವುದು 100 ವಾಟ್ ಅಂತ ಇಟ್ಟುಕೊಂಡರೆ ಮೊದಲನೆಯ ಟೈರ್‌ನಲ್ಲಿ ವೇಗ ಗಂಟೆಗೆ ಸುಮಾರು 25.5 ಕಿ.ಮೀ. ಎರಡನೆಯದರಲ್ಲಿ 23.6. ಇಷ್ಟೇನಾ ಅನ್ನಬೇಡಿ. 200 ಕಿ.ಮೀ. ಮುಗಿಯುವ ಹೊತ್ತಿಗೆ ಅದು ಅರ್ಧ ಗಂಟೆಯನ್ನೂ ದಾಟಿರುತ್ತದೆ. ಅದೇ 200 ಕಿ.ಮೀ.ನಲ್ಲಿ 2,000 ಮೀಟರ್ ಏರು ಇದ್ದರೂ ಒಂದು ಕಿಲೋ ಕಡಿಮೆ ಮಾಡಿದ್ದರಿಂದ ಸಿಗುವುದು ಎರಡು ನಿಮಿಷ ಮಾತ್ರ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. "ಈ ವಾಟ್ ಲೆಕ್ಕ ಎಲ್ಲ ರೇಸ್ ಮಾಡುವವರಿಗೆ, ನಿಧಾನ ಹೋಗುವ ನಮಗೆ ಯಾಕೆ?" ಅಂತ ಬಹಳ ಜನ ಹೇಳುತ್ತಾರೆ. ನಿಜ ಸಂಗತಿ ಉಲ್ಟಾ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಟೈರ್ ತಿನ್ನುವ ಶಕ್ತಿ ವೇಗದಷ್ಟೇ ಏರುತ್ತದೆ. ಹಾಗಾಗಿ ಜೋರಾಗಿ ಹೋಗುವವರ ಕಷ್ಟದಲ್ಲಿ ಗಾಳಿಯ ಪಾಲು ದೊಡ್ಡದು, ನಿಧಾನ ಹೋಗುವವರ ಕಷ್ಟದಲ್ಲಿ ಟೈರ್ ಪಾಲು ದೊಡ್ಡದು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಆ ಬಿರುಸು ಟೈರ್ ತಿನ್ನುವುದು 34 ವಾಟ್. ಗಾಳಿ ತಿನ್ನುವುದೂ ಹೆಚ್ಚುಕಡಿಮೆ ಅಷ್ಟೇ. ಕೊನೆಯ ನೂರು ಕಿ.ಮೀ.ನಲ್ಲಿ ಸುಸ್ತಾಗಿ ಎಲ್ಲರೂ ನಿಧಾನವಾಗಿಯೇ ಹೋಗುತ್ತಾರೆ ಅಲ್ವಾ? ಟೈರ್ ಹೆಚ್ಚು ಕಾಡುವುದು ಆಗಲೇ.

ಟೈರ್ ಶಕ್ತಿ ತಿನ್ನುವುದು ಹೇಗೆ? ನೆಲಕ್ಕೆ ಒತ್ತಿದ ಜಾಗದಲ್ಲಿ ಟೈರ್ ಚಪ್ಪಟೆಯಾಗುತ್ತದೆ, ಮುಂದಕ್ಕೆ ಉರುಳಿದಾಗ ಮತ್ತೆ ದುಂಡಾಗುತ್ತದೆ. ರಬ್ಬರ್ ಚೆಂಡನ್ನು ಕೈಬಿಟ್ಟರೆ ಅದು ಬಿಟ್ಟ ಎತ್ತರಕ್ಕೇ ವಾಪಸ್ ಬರುವುದಿಲ್ಲ, ನೋಡಿದ್ದೀರಿ. ಇಲ್ಲಿಯೂ ಹಾಗೆಯೇ. ಬಾಗಲು ಹಾಕಿದ ಶಕ್ತಿ ಪೂರ್ತಿ ಹಿಂತಿರುಗುವುದಿಲ್ಲ, ಸ್ವಲ್ಪ ಭಾಗ ಬಿಸಿಯಾಗಿ ಕಳೆದುಹೋಗುತ್ತದೆ. ಪ್ರತಿ ಸುತ್ತಿಗೂ ಹೀಗೆ. 32 ಮಿ.ಮೀ. ಅಗಲದ 700ಸಿ (ರೋಡ್ ಸೈಕಲ್ ಚಕ್ರದ ಮಾಮೂಲಿ ಅಳತೆ) ಟೈರ್ ಒಂದು ಸುತ್ತಿಗೆ ಸುಮಾರು 2.15 ಮೀಟರ್ ಹೋಗುತ್ತದೆ. 1,200 ಕಿ.ಮೀ. ಅಂದರೆ ಐದೂವರೆ ಲಕ್ಷ ಸುತ್ತಿಗೂ ಜಾಸ್ತಿ.

ಹಾಗಾದರೆ ಗಾಳಿ ಕಲ್ಲಿನಂತೆ ಹೊಡೆದು, ಟೈರ್ ಬಾಗದ ಹಾಗೆ ಮಾಡಿದರೆ ಆಯಿತಲ್ಲ? ದಶಕಗಟ್ಟಲೆ ಎಲ್ಲರೂ ನಂಬಿದ್ದು ಇದನ್ನೇ. ಸಪೂರ ಟೈರ್, ಗಟ್ಟಿ ಗಾಳಿ. ಪ್ರಯೋಗಾಲಯವೂ ಹೌದು ಅಂದಿತ್ತು. ಅಲ್ಲಿ ಟೈರ್ ಉರುಳಿಸಿ ನೋಡುತ್ತಿದ್ದದ್ದು ನುಣ್ಣನೆಯ ಉಕ್ಕಿನ ಉರುಳೆಯ ಮೇಲೆ. ಅದರ ಮೇಲೆ ಗಾಳಿ ಎಷ್ಟು ಏರಿಸಿದರೂ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ರಸ್ತೆ ಹಾಗಿಲ್ಲ. ಜಲ್ಲಿ, ತೇಪೆ, ಬಿರುಕು ಎಲ್ಲ ಇದೆ. ಗಟ್ಟಿ ಟೈರ್ ಪ್ರತಿ ಉಬ್ಬಿಗೂ ಬಾಗುವ ಬದಲು ಇಡೀ ಸೈಕಲನ್ನೇ, ಜೊತೆಗೆ ಮೇಲೆ ಕೂತವರನ್ನೂ ಎತ್ತುತ್ತದೆ. ಆ ನಡುಕವೆಲ್ಲ ತೊಡೆ, ಸೊಂಟ, ಭುಜ, ಅಂಗೈಯಲ್ಲಿ ಇಂಗುತ್ತದೆ. ಮುಂದಕ್ಕೆ ತಳ್ಳಬೇಕಾದ ಶಕ್ತಿಯೇ ಹೀಗೆ ಮೈಯೊಳಗೆ ಹೋಗಿ ಸಾಯುತ್ತದೆ. ಒಂದು ಮಟ್ಟದವರೆಗೆ ಗಾಳಿ ಏರಿಸಿದರೆ ಲಾಭ. ಅದನ್ನು ದಾಟಿದರೆ ನಷ್ಟ. ರಸ್ತೆ ಒರಟಾದಷ್ಟೂ ಆ ಮಟ್ಟ ಕೆಳಗಿರುತ್ತದೆ.

ಮೋಸ ಎಲ್ಲಿದೆ ಅಂದರೆ, ಗಟ್ಟಿ ಟೈರ್ ವೇಗವಾಗಿದೆ ಅಂತಲೇ ಅನ್ನಿಸುತ್ತದೆ. ಹ್ಯಾಂಡಲ್‌ನಲ್ಲಿ ಝುಂ ಅನ್ನುವ ಕಂಪನ ಏರಿದರೆ ವೇಗ ಏರಿತು ಅಂತ ಮನಸ್ಸು ಅಂದುಕೊಳ್ಳುತ್ತದೆ. ಅಗಲ ಟೈರ್ ಆ ಝುಂ ಅನ್ನು ತೆಗೆದುಬಿಡುತ್ತದೆ, ನಿಧಾನವಾದಂತೆ ಕಾಣುತ್ತದೆ. ಗಡಿಯಾರ ನೋಡಿದರೆ ಮಾತ್ರ ಸತ್ಯ ಗೊತ್ತಾಗುವುದು. ವೃತ್ತಿಪರ ರೇಸಿನ ಜನರೂ ಈ ಮಾತು ಒಪ್ಪಲು ಕಾಲ ಹಿಡಿಯಿತು. ಒಂದು ಕಾಲದಲ್ಲಿ ಅವರು 21, 23 ಮಿ.ಮೀ. ಟೈರ್ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಈಗ ಅವರೇ 28, 30ಕ್ಕೆ ಬಂದಿದ್ದಾರೆ.

ದೂರದ ಸವಾರಿಯವರಿಗೆ ಇದು ಹೊಸ ವಿಷಯವೇನಲ್ಲ. ಫ್ರಾನ್ಸ್‌ನ ಪಾಲ್ ದ ವಿವಿ, ವೆಲೋಸಿಯೋ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದವರು, ನೂರು ವರ್ಷದ ಹಿಂದೆಯೇ ಅಗಲ ಟೈರ್ ಮತ್ತು ಗೇರುಗಳ ಪರವಾಗಿ ವಾದ ಮಾಡುತ್ತಿದ್ದರು. ಅವರು ತೀರಿಕೊಂಡದ್ದು 1930ರಲ್ಲಿ. ಟೂರ್ ದ ಫ್ರಾನ್ಸ್ ರೇಸಿನ ಸವಾರರಿಗೆ ಗೇರ್ ಬದಲಿಸುವ ಡಿರೇಲರ್ ಬಳಸಲು ಒಪ್ಪಿಗೆ ಕೊಟ್ಟದ್ದು 1937ರಲ್ಲಿ! ರೇಸಿನವರನ್ನು ನೋಡಿ ಸೈಕಲ್ ಕೊಳ್ಳಬೇಡಿ ಅನ್ನಲು ನನಗೆ ಇದೊಂದೇ ಕಾರಣ ಸಾಕು.

ಗಾಳಿ ತುಂಬಿದ ಟೈರ್‌ಗೂ ದೂರದ ಸವಾರಿಗೂ ನಂಟು ಶುರುವಿನಿಂದಲೇ ಇದೆ. ಡನ್ಲಪ್ ತಮ್ಮ ಗಾಳಿ ಟೈರ್‌ಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಮೂರೇ ವರ್ಷಕ್ಕೆ, 1891ರಲ್ಲಿ, ಮೊದಲ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ನಡೆಯಿತು. ಗೆದ್ದವರು ಶಾರ್ಲ್ ತೆರೋಂ, 72 ಗಂಟೆಯೊಳಗೆ, ನಿದ್ದೆ ಮಾಡದೆ. ಅವರ ಎದುರಾಳಿ ಜಿಯೆಲ್-ಲಾವಲ್ ಓಡಿಸುತ್ತಿದ್ದದ್ದು ಡನ್ಲಪ್ ಟೈರ್ ಮೇಲೆ. ತೆರೋಂ ಚಕ್ರದಲ್ಲಿದ್ದದ್ದು ಮಿಶಲಿನ್ ಸಹೋದರರ ಹೊಸ ಟೈರ್. ಅದರ ವಿಶೇಷ ಒಂದೇ: ರಿಮ್‌ನಿಂದ ಕಳಚಬಹುದಿತ್ತು. ಪಂಕ್ಚರ್ ಆದರೆ ರಸ್ತೆ ಬದಿಯಲ್ಲೇ ಬಿಚ್ಚಿ ಸರಿಮಾಡಬಹುದಿತ್ತು. ದೂರದ ಸವಾರಿಗೆ ಟೈರ್ ಆರಿಸುವಾಗ ನಾವು ಇಂದಿಗೂ ತೂಗಿ ನೋಡುವುದು ಈ ಎರಡನ್ನೇ. ಎಷ್ಟು ಚೆನ್ನಾಗಿ ಉರುಳುತ್ತದೆ? ಕೆಟ್ಟರೆ ನನ್ನ ಕೈಯಲ್ಲಿ ಸರಿಹೋಗುತ್ತದಾ?

ಈಗ ಅಗಲದ ಪ್ರಶ್ನೆ. ನನ್ನ ಉತ್ತರ 32 ಮಿ.ಮೀ. ಡಾಂಬರು ತೀರಾ ಚೆನ್ನಾಗಿದ್ದು, ಮೈತೂಕವೂ ಕಡಿಮೆ ಇದ್ದರೆ 28 ಸಾಕು. ಮಣ್ಣು, ಜಲ್ಲಿ ಮಧ್ಯೆ ಮಧ್ಯೆ ಬರುವುದಾದರೆ 35 ಅಥವಾ 38. 25ಕ್ಕೆ ಇಳಿಯಲು ದೂರದ ಸವಾರಿಯಲ್ಲಿ ಯಾವ ಕಾರಣವೂ ನನಗೆ ಕಾಣುವುದಿಲ್ಲ. ಅಗಲ ಟೈರ್ ಗಾಳಿಗೆ ಸ್ವಲ್ಪ ಜಾಸ್ತಿ ಅಡ್ಡ ಬರುತ್ತದೆ, ನಿಜ. ಆದರೆ ಗಂಟೆಗೆ 22 ಕಿ.ಮೀ. ಹೋಗುವವರಿಗೆ ಅದು ಹ್ಯಾಂಡಲ್ ಮೇಲೆ ಕಟ್ಟಿದ ಚೀಲಕ್ಕಿಂತ ದೊಡ್ಡ ಸಮಸ್ಯೆ ಅಲ್ಲ.

ಅಗಲಕ್ಕಿಂತಲೂ ಮುಖ್ಯವಾದದ್ದು ಟೈರ್‌ನ ಮೈ. ಒಳಗಿನ ನೂಲಿನ ಹೊದಿಕೆಗೆ ಕೇಸಿಂಗ್ ಅನ್ನುತ್ತಾರೆ. ಅದು ಮೃದುವಾಗಿ, ತೆಳುವಾಗಿ ಇದ್ದರೆ ಬಾಗುವಾಗ ಕಡಿಮೆ ಶಕ್ತಿ ತಿನ್ನುತ್ತದೆ. ಟೈರನ್ನು ಕೈಯಲ್ಲಿ ಹಿಡಿದು ಪಕ್ಕದ ಗೋಡೆಯನ್ನು ಬೆರಳಿನಿಂದ ಒತ್ತಿ ನೋಡಿ. ಬಟ್ಟೆಯಂತೆ ಮಡಚಿಕೊಂಡರೆ ಒಳ್ಳೆಯದು. ರಟ್ಟಿನಂತೆ ನಿಂತರೆ, ಅದು 38 ಮಿ.ಮೀ. ಇದ್ದರೂ ಪ್ರಯೋಜನ ಇಲ್ಲ. ಅಗಲ ಟೈರ್ ಹಾಕಿ ನೋಡಿದೆ, ಭಾರ ಅನ್ನಿಸಿತು ಅಂತ ದೂರುವವರಲ್ಲಿ ಬಹಳ ಮಂದಿ ಹಾಕಿರುವುದು ಅಂಥ ಬಿರುಸು ಟೈರನ್ನೇ.

ಇಲ್ಲಿಗೆ ಪಂಕ್ಚರ್ ಭಯ ಬರುತ್ತದೆ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ತರಹದ ಟೈರ್‌ಗಳಲ್ಲಿ ಟ್ರೆಡ್ (ನೆಲ ಮುಟ್ಟುವ ರಬ್ಬರ್) ಕೆಳಗೆ ದಪ್ಪ ರಬ್ಬರಿನ ಪದರ ಇರುತ್ತದೆ. ಮುಳ್ಳು, ಗಾಜು ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಖಂಡಾಂತರ ಪ್ರವಾಸಕ್ಕೆ, ಹಿಂದೆ ಮುಂದೆ ಚೀಲ ಕಟ್ಟಿಕೊಂಡು ತಿಂಗಳುಗಟ್ಟಲೆ ಹೋಗುವವರಿಗೆ ಅದು ಸರಿ. ಆದರೆ ಗಡಿಯಾರ ಓಡುತ್ತಿರುವ ಸವಾರಿಗೆ? ಮೇಲೆ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ. 600 ಕಿ.ಮೀ.ನಲ್ಲಿ ಬಿರುಸು ಟೈರ್ ಒಂದೂವರೆ ಗಂಟೆಗೂ ಜಾಸ್ತಿ ತಿನ್ನಬಹುದು. ಅಷ್ಟು ಸಮಯದಲ್ಲಿ ಆರಾಮವಾಗಿ ಐದಾರು ಪಂಕ್ಚರ್ ಹಾಕಬಹುದು. ಅಷ್ಟು ಪಂಕ್ಚರ್ ಒಳ್ಳೆಯ ಮೃದು ಟೈರ್‌ನಲ್ಲೂ ಆಗುವುದು ಅಪರೂಪ. ನಡುವಿನ ದಾರಿಯೂ ಇದೆ. ಕಾಂಟಿನೆಂಟಲ್‌ನ ಜಿಪಿ 5000 ಅಂಥದ್ದು: ವೇಗವಾಗಿ ಉರುಳುತ್ತದೆ, ಟ್ರೆಡ್ ಕೆಳಗೆ ವೆಕ್ಟ್ರಾನ್ ನೂಲಿನ ತೆಳು ಪಟ್ಟಿಯೂ ಇದೆ. ಇದೇ ಹೆಸರಿನದ್ದು ಆಗಬೇಕು ಅಂತಲ್ಲ. ಪದರ ತೆಳುವಾಗಿರಲಿ, ಮೈ ಮೃದುವಾಗಿರಲಿ.

ಪಂಕ್ಚರ್ ಬಗ್ಗೆ ಇನ್ನೊಂದು ಮಾತು. ಟ್ಯೂಬ್ ಇರುವ ಟೈರ್‌ನಲ್ಲಿ ಗುಂಡಿಗೆ ಇಳಿದಾಗ ಟ್ಯೂಬು ರಿಮ್‌ಗೂ ರಸ್ತೆಗೂ ಮಧ್ಯೆ ಸಿಕ್ಕಿ ಎರಡು ತೂತು ಬೀಳುವುದುಂಟು. ಅದಕ್ಕೆ ಮುಳ್ಳು ಬೇಕಿಲ್ಲ, ಗಾಳಿ ಕಡಿಮೆ ಇದ್ದರೆ ಸಾಕು. ಅಗಲ ಟೈರ್‌ನಲ್ಲಿ ರಿಮ್ ನೆಲಮುಟ್ಟಲು ಇರುವ ದೂರ ಜಾಸ್ತಿ. ಹಾಗಾಗಿ ಗಾಳಿ ಕಡಿಮೆ ಹಾಕಿದರೂ ಈ ತರಹದ ಪಂಕ್ಚರ್ ಕಡಿಮೆ.

ಗಾಳಿ ಎಷ್ಟು? ಟೈರ್ ಪಕ್ಕದಲ್ಲಿ ಅಚ್ಚು ಹಾಕಿರುವುದು ಗರಿಷ್ಠ ಮಿತಿ. ಅಷ್ಟು ಹೊಡೆಯಬೇಕು ಅಂತ ಅದರ ಅರ್ಥ ಅಲ್ಲ. ಟೈರ್ ಅಗಲವಾದಷ್ಟೂ ಅದೇ ಬಿಗಿತ ಬರಲು ಕಡಿಮೆ ಒತ್ತಡ ಸಾಕು. ಸವಾರರ ತೂಕ 75 ಕಿಲೋ ಇದ್ದರೆ 25 ಮಿ.ಮೀ.ಗೆ ಸುಮಾರು 85 ಪಿಎಸ್‌ಐ, 28ಕ್ಕೆ 70, 32ಕ್ಕೆ 55 ಅಂತ ಶುರು ಮಾಡಬಹುದು. ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಆದ್ದರಿಂದ ಮುಂದಿನದಕ್ಕೆ ಐದಾರು ಪಿಎಸ್‌ಐ ಕಡಿಮೆ ಇರಲಿ. ಇವು ಶುರು ಮಾಡುವ ಸಂಖ್ಯೆಗಳು ಅಷ್ಟೇ. ರಿಮ್ ಒಳಗಿನ ಅಗಲಕ್ಕೆ ತಕ್ಕಂತೆ, 28 ಅಂತ ಬರೆದ ಟೈರ್ 30 ಆಗಿಯೂ ಕೂರಬಹುದು. ಹಾಗಾಗಿ ಗಾಳಿ ತುಂಬಿದ ಮೇಲೆ ಕ್ಯಾಲಿಪರ್ (ಅಗಲ ಅಳೆಯುವ ಸಾಧನ) ಇಟ್ಟು ಒಮ್ಮೆ ಅಳೆಯಿರಿ. ಆಮೇಲೆ ನಿಮ್ಮ ರಸ್ತೆಯಲ್ಲಿ ಐದೈದು ಪಿಎಸ್‌ಐ ಇಳಿಸುತ್ತಾ ಹೋಗಿ. ತಿರುವಿನಲ್ಲಿ ಟೈರ್ ಜೋಲುವಂತೆ ಅನ್ನಿಸಿದರೆ ಅಲ್ಲಿಂದ ಒಂದು ಹೆಜ್ಜೆ ಮೇಲಕ್ಕೆ. ಬೆರಳಿನಿಂದ ಒತ್ತಿ ನೋಡಿ "ಸಾಕು" ಅನ್ನುವುದರಲ್ಲಿ ನನಗೆ ನಂಬಿಕೆ ಇಲ್ಲ. ಗೇಜ್ ಇರುವ ಪಂಪು ಬೇಕು.

ರಿಮ್ ಬಗ್ಗೆ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಈಗಿನ ಕೆಲವು ರಿಮ್‌ಗಳು ಹುಕ್‌ಲೆಸ್. ಟೈರ್ ಅಂಚನ್ನು ಹಿಡಿದಿಡುವ ಕೊಕ್ಕೆ ಅವುಗಳ ಒಳಬದಿಯಲ್ಲಿ ಇರುವುದಿಲ್ಲ. ಅವುಗಳಿಗೆ ಮಿತಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ. ಜೊತೆಗೆ ಅವುಗಳಿಗೆಂದೇ ಒಪ್ಪಿಗೆ ಪಡೆದ ಟ್ಯೂಬ್‌ಲೆಸ್ ಟೈರನ್ನೇ ಹಾಕಬೇಕು. ಇದರಲ್ಲಿ ಉಡಾಫೆ ಬೇಡ. ಟೈರ್ ರಿಮ್‌ನಿಂದ ಹಾರಿದರೆ ಬೀಳುವುದು ನೀವು.

ಟ್ಯೂಬಾ, ಟ್ಯೂಬ್‌ಲೆಸ್ಸಾ? ಇದರ ಜಗಳ ಮುಗಿಯುವುದಿಲ್ಲ. ಟ್ಯೂಬ್‌ಲೆಸ್ ಒಳಗಿನ ಸೀಲೆಂಟ್ ದ್ರವ ಸಣ್ಣ ತೂತುಗಳನ್ನು ತಾನೇ ಮುಚ್ಚುತ್ತದೆ. ನೀವು ಗಮನಿಸುವ ಮೊದಲೇ ಕೆಲಸ ಮುಗಿದಿರುತ್ತದೆ. ದೊಡ್ಡ ಸೀಳು ಬಿದ್ದರೆ ಪ್ಲಗ್ ತುರುಕಬೇಕು. ಅದಕ್ಕೂ ಬಗ್ಗದಿದ್ದರೆ ಟೈರ್ ಕಳಚಿ, ಅಂಟು ಅಂಟು ದ್ರವದ ಮಧ್ಯೆ ಟ್ಯೂಬ್ ಹಾಕಬೇಕು. ಕೆಲವು ಟೈರ್–ರಿಮ್ ಜೋಡಿ ಎಷ್ಟು ಬಿಗಿ ಅಂದರೆ, ಬೆಳಗ್ಗೆ ಮನೆಯಲ್ಲಿ ಕೂತು ಹಾಕುವಾಗಲೇ ಹೆಬ್ಬೆರಳು ನೋಯುತ್ತದೆ. ನಲವತ್ತು ಗಂಟೆ ನಿದ್ದೆಗೆಟ್ಟ ಕೈಗೆ ಅದು ಬಗ್ಗುವುದಿಲ್ಲ. ಅದಕ್ಕೆ ನನ್ನದೊಂದು ನಿಯಮ: ಸಲಕರಣೆ ಇಲ್ಲದೆ, ಬರೀ ಕೈಯಲ್ಲಿ ನಾನು ತೆಗೆದು ಹಾಕಲಾರದ ಟೈರ್ ಎಷ್ಟೇ ವೇಗವಾಗಿದ್ದರೂ ನನಗೆ ಬೇಡ. ಸೀಲೆಂಟ್ ಕೆಲವು ತಿಂಗಳಲ್ಲಿ ಒಣಗುತ್ತದೆ, ಬಿಸಿಲಿನ ಊರಿನಲ್ಲಿ ಇನ್ನೂ ಬೇಗ. ಅದನ್ನು ನೆನಪಿಟ್ಟು ತುಂಬಿಸುವ ಅಭ್ಯಾಸ ಇಲ್ಲದವರಿಗೆ ಟ್ಯೂಬೇ ಸರಿ.

ಟ್ಯೂಬಿನಲ್ಲೂ ಮೂರು ಬಗೆ. ಮಾಮೂಲಿ ಬ್ಯುಟೈಲ್ ರಬ್ಬರಿನದ್ದು ಸುಮಾರು 100 ಗ್ರಾಂ ತೂಗುತ್ತದೆ, ಎಲ್ಲಿಯೂ ಸಿಗುತ್ತದೆ, ಯಾವ ಪ್ಯಾಚ್ ಬೇಕಾದರೂ ಹಿಡಿಯುತ್ತದೆ. ಲೇಟೆಕ್ಸ್ ಚೆನ್ನಾಗಿ ಉರುಳುತ್ತದೆ, ಆದರೆ ರಾತ್ರಿ ಬೆಳಗಾಗುವುದರೊಳಗೆ ಗಾಳಿ ಇಳಿಯುತ್ತದೆ. ಮೂರು ದಿನದ ಸವಾರಿಗೆ ಆ ತಲೆನೋವು ಯಾಕೆ? ಟಿಪಿಯು (ಒಂದು ಬಗೆಯ ತೆಳು ಪ್ಲಾಸ್ಟಿಕ್) ಟ್ಯೂಬ್ 40 ಗ್ರಾಂ ಆಸುಪಾಸು, ಮಡಚಿದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಹೆಚ್ಚುವರಿ ಟ್ಯೂಬ್ ಆಗಿ ಇಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ. ಅದಕ್ಕೆ ಬೇರೆಯದೇ ಪ್ಯಾಚ್ ಬೇಕು. ರಿಮ್ ಬ್ರೇಕಿನ ಬಿಸಿಗೆ ಆಗುವುದಿಲ್ಲ ಅಂತ ಕೆಲವು ತಯಾರಕರೇ ಬರೆದಿರುತ್ತಾರೆ, ಓದಿ ಕೊಳ್ಳಿ.

ಟ್ರೆಡ್‌ನ ಗೀರುಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಾರಿನ ಟೈರ್‌ನಲ್ಲಿ ಗೀರು ಬೇಕು, ನೀರಿನ ಪದರದ ಮೇಲೆ ತೇಲಬಾರದು ಅಂತ. ಸೈಕಲ್ ಟೈರ್ ನೆಲ ಮುಟ್ಟುವ ಜಾಗ ಚಿಕ್ಕದು, ಒತ್ತಡ ಜಾಸ್ತಿ. ಅದು ನೀರಿನ ಮೇಲೆ ತೇಲಬೇಕಾದರೆ ಗಂಟೆಗೆ ನೂರು ಕಿ.ಮೀ.ಗೂ ಮೀರಿದ ವೇಗ ಬೇಕು. ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದು ರಬ್ಬರಿನ ಗುಣ. ಮಣ್ಣಿನಲ್ಲಿ ಮಾತ್ರ ಟ್ರೆಡ್‌ನ ಉಬ್ಬುಗಳಿಗೆ ಕೆಲಸ ಇದೆ.

ಇಷ್ಟಾದ ಮೇಲೆ ಸೈಕಲ್ ಹುಡುಕೋಣ. ಕೇಳಬೇಕಾದ ಮೊದಲ ಪ್ರಶ್ನೆ: ಈ ಫ್ರೇಮಿನಲ್ಲಿ ಎಷ್ಟು ಅಗಲದ ಟೈರ್ ಹಿಡಿಸುತ್ತದೆ? ಮಡ್‌ಗಾರ್ಡ್ ಹಾಕಿದರೆ ಎಷ್ಟು? ರೇಸಿಗೆಂದು ಮಾಡಿದ ಹಳೆಯ ರಿಮ್ ಬ್ರೇಕ್ ಫ್ರೇಮ್‌ಗಳಲ್ಲಿ 25 ಅಥವಾ 28ಕ್ಕೇ ಬ್ರೇಕಿನ ತೋಳು ಮುಟ್ಟುತ್ತದೆ. ಉದ್ದ ತೋಳಿನ ಬ್ರೇಕ್ ಇದ್ದರೆ 32ರ ಹತ್ತಿರ ಹೋಗಬಹುದು. ಡಿಸ್ಕ್ ಬ್ರೇಕ್ ಬಂದ ಮೇಲೆ ಈ ಕಟ್ಟು ಬಿಚ್ಚಿತು. ಮಳೆಯಲ್ಲಿ ಬ್ರೇಕ್ ಹಿಡಿಯುವುದು ಹೇಗೂ ಒಳ್ಳೆಯದೇ, ಆದರೆ ನನ್ನ ಮಟ್ಟಿಗೆ ಡಿಸ್ಕ್‌ನಿಂದ ಆದ ದೊಡ್ಡ ಉಪಕಾರ ಈ ಜಾಗ.

ಟೈರ್ ಸುತ್ತ ಎರಡೂ ಬದಿ ಕನಿಷ್ಠ ನಾಲ್ಕೈದು ಮಿ.ಮೀ. ಖಾಲಿ ಇರಬೇಕು. ಕೆಸರಿಗೆ ಮಾತ್ರ ಅಂದುಕೊಳ್ಳಬೇಡಿ. ಮಧ್ಯದಾರಿಯಲ್ಲಿ ಒಂದು ಕಡ್ಡಿ ಮುರಿದರೆ ಚಕ್ರ ಸೊಟ್ಟಗಾಗುತ್ತದೆ. ಜಾಗ ಇದ್ದರೆ ಓಲಾಡುತ್ತಲೇ ಮನೆ ಸೇರಬಹುದು. ಇಲ್ಲದಿದ್ದರೆ ಟೈರ್ ಫ್ರೇಮಿಗೆ ಉಜ್ಜಿ ಸವಾರಿ ಅಲ್ಲೇ ಮುಗಿಯುತ್ತದೆ. ಇದೇ ಕಾರಣಕ್ಕೆ ಹಿಂದಿನ ಚಕ್ರಕ್ಕೆ 28 ಅಥವಾ 32 ಕಡ್ಡಿ ಇರಲಿ ಅನ್ನುತ್ತೇನೆ. 20 ಕಡ್ಡಿಯ ಚಕ್ರದಲ್ಲಿ ಒಂದು ಹೋದರೆ ಉಳಿದವು ಆ ಭಾರ ಹಂಚಿಕೊಳ್ಳುವುದು ಕಷ್ಟ.

ಎರಡನೆಯದು ಕೂರುವ ಭಂಗಿ. ರೇಸ್ ಫ್ರೇಮಿನಲ್ಲಿ ಹ್ಯಾಂಡಲ್ ಕೆಳಗೆ, ಮುಂದಕ್ಕೆ. ಎರಡು ಗಂಟೆಗೆ ಅದು ಚೆಂದ. ಇಪ್ಪತ್ತು ಗಂಟೆಗೆ ಕುತ್ತಿಗೆ ಒಪ್ಪುವುದಿಲ್ಲ. ಹ್ಯಾಂಡಲ್ ಎಷ್ಟು ಎತ್ತರಕ್ಕೆ ಬರುತ್ತದೆ ಅನ್ನುವುದನ್ನು ತಯಾರಕರು ಸ್ಟ್ಯಾಕ್ ಅಂತ, ಎಷ್ಟು ಮುಂದಕ್ಕೆ ಅನ್ನುವುದನ್ನು ರೀಚ್ ಅಂತ ಬರೆಯುತ್ತಾರೆ. ಸ್ಟ್ಯಾಕನ್ನು ರೀಚ್‌ನಿಂದ ಭಾಗಿಸಿದರೆ 1.5ರ ಹತ್ತಿರ ಅಥವಾ ಮೇಲೆ ಬರುವ ಫ್ರೇಮ್ ದೂರದ ಸವಾರಿಗೆ ಹೊಂದುತ್ತದೆ. ಅಂಗೈ ಮೇಲೆ ಭಾರ ಜಾಸ್ತಿ ಬಿದ್ದರೆ ಕಿರುಬೆರಳು, ಉಂಗುರದ ಬೆರಳು ಮರಗಟ್ಟುತ್ತವೆ. ಅಲ್ನರ್ ನರ ಒತ್ತಿದ್ದರ ಗುರುತು ಅದು. ಕೆಲವರಿಗೆ ಸವಾರಿ ಮುಗಿದು ವಾರಗಳಾದರೂ ಶರ್ಟಿನ ಗುಂಡಿ ಹಾಕಲು ಆಗುವುದಿಲ್ಲ. ದಪ್ಪ ಹ್ಯಾಂಡಲ್ ಟೇಪು, ಅಗಲ ಟೈರ್, ಸ್ವಲ್ಪ ಎತ್ತರದ ಹ್ಯಾಂಡಲ್ ಮೂರೂ ಸೇರಿದರೆ ಇದು ಬಹಳ ಕಡಿಮೆಯಾಗುತ್ತದೆ. ಸೀಟಿನ ಬಗ್ಗೆ ಯಾರ ಸಲಹೆಯನ್ನೂ ಕೇಳಬೇಡಿ, ನನ್ನದನ್ನೂ ಸೇರಿಸಿ.

ಫ್ರೇಮಿನ ಲೋಹದ ಚರ್ಚೆ ಎಷ್ಟು ಬೇಕಾದರೂ ಬೆಳೆಯುತ್ತದೆ. ಉಕ್ಕು ಮೃದು, ಅಲ್ಯೂಮಿನಿಯಂ ಗಡುಸು, ಟೈಟಾನಿಯಂ ಮಾಂತ್ರಿಕ ಅನ್ನುವ ಮಾತುಗಳನ್ನೆಲ್ಲ ಕೇಳಿರುತ್ತೀರಿ. ಫ್ರೇಮಿನ ತ್ರಿಕೋನ ಮೇಲಿಂದ ಕೆಳಕ್ಕೆ ಬಾಗುವುದು ಒಂದು ಮಿ.ಮೀ.ಗಿಂತ ಕಡಿಮೆ. ಟೈರ್ ಬಾಗುವುದು ಹಲವು ಮಿ.ಮೀ. ಆರಾಮ ಎಲ್ಲಿಂದ ಬರುತ್ತದೆ ಅಂತ ನೀವೇ ನೋಡಿ. 25ರಿಂದ 32ಕ್ಕೆ ಬದಲಿಸಿದರೆ ಸಿಗುವ ವ್ಯತ್ಯಾಸ, ಅಲ್ಯೂಮಿನಿಯಂನಿಂದ ಟೈಟಾನಿಯಂಗೆ ಹೋದರೆ ಸಿಗುವುದಿಲ್ಲ. ಉಕ್ಕು ಇಷ್ಟವಾದರೆ ಉಕ್ಕು ತೆಗೆದುಕೊಳ್ಳಿ, ಚೆಂದಕ್ಕೆ ತೆಗೆದುಕೊಂಡೆ ಅಂತ ಒಪ್ಪಿಕೊಳ್ಳಿ. ಅದರಲ್ಲಿ ತಪ್ಪೇನಿಲ್ಲ. ಇಂಗ್ಲೆಂಡಿನ ಟಾಮಿ ಗಾಡ್ವಿನ್ 1939ರ ಒಂದೇ ವರ್ಷದಲ್ಲಿ 75,065 ಮೈಲಿ, ಅಂದರೆ 1,20,000 ಕಿ.ಮೀ.ಗೂ ಮೀರಿ, ಓಡಿಸಿದ್ದು ಭಾರದ ಉಕ್ಕಿನ ಸೈಕಲ್ ಮೇಲೆ, ಹಿಂಚಕ್ರದ ನಡುವಿನ ಹಬ್‌ನಲ್ಲಿ ನಾಲ್ಕೇ ಗೇರು ಇಟ್ಟುಕೊಂಡು.

ಗಾಡ್ವಿನ್‌ಗೆ ನಾಲ್ಕು ಸಾಕಾಯಿತು, ನಮಗೆ ಸಾಕಾಗುವುದಿಲ್ಲ. 8 ಶೇಕಡಾ ಏರಿನಲ್ಲಿ 90 ಕಿಲೋವನ್ನು 150 ವಾಟ್‌ನಲ್ಲಿ ಎಳೆದರೆ ವೇಗ ಗಂಟೆಗೆ ಸುಮಾರು 7 ಕಿ.ಮೀ. ಮುಂದೆ 39, ಹಿಂದೆ 25 ಹಲ್ಲಿನ ಹಳೆಯ ರೇಸ್ ಗೇರಿನಲ್ಲಿ ಆ ವೇಗಕ್ಕೆ ಪೆಡಲ್ ನಿಮಿಷಕ್ಕೆ 36 ಸುತ್ತು ಮಾತ್ರ ತಿರುಗುತ್ತದೆ. ಮೊಣಕಾಲು ಹಾಳಾಗುವುದು ಹೀಗೆಯೇ. 34–34 ಇದ್ದರೆ 57 ಸುತ್ತು. ಇನ್ನೂ ಹಗುರ ಬೇಕೆಂದರೆ ಮುಂದೆ 30 ಹಲ್ಲು. ದೊಡ್ಡ ಗೇರಿನ ಬಗ್ಗೆ ಯೋಚನೆಯೇ ಬೇಡ, ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಕಾಲಿಗೆ ವಿಶ್ರಾಂತಿ ಕೊಡಿ.

ರಾತ್ರಿ ಜಾಸ್ತಿ ಓಡಿಸುವುದಾದರೆ ಮುಂದಿನ ಚಕ್ರದಲ್ಲಿ ಡೈನಮೋ ಹಬ್ (ಚಕ್ರ ತಿರುಗುವಾಗ ದೀಪಕ್ಕೆ ಕರೆಂಟ್ ಕೊಡುವುದು) ಇರಲಿ. ಬೆಳಕು ಹಾಕಿದಾಗ ಐದಾರು ವಾಟ್ ಎಳೆಯುತ್ತದೆ. ಅಷ್ಟನ್ನು ಒಳ್ಳೆಯ ಟೈರ್‌ನಿಂದಲೇ ಉಳಿಸಿಕೊಂಡಿರುತ್ತೀರಿ. 200, 300 ಕಿ.ಮೀ.ಗೆ ಬ್ಯಾಟರಿ ದೀಪ ಸಾಕು.

ಕೊನೆಗೆ ಕೆಲವು ಚಿಲ್ಲರೆ ಕೆಲಸಗಳು. ಹೊಸ ಟೈರನ್ನು ಸವಾರಿಯ ಹಿಂದಿನ ದಿನ ಹಾಕಬೇಡಿ. ನೂರಿನ್ನೂರು ಕಿ.ಮೀ. ಮೊದಲೇ ಓಡಿಸಿ, ಅಂಚು ಸರಿಯಾಗಿ ಕೂತಿದೆಯಾ, ಎಲ್ಲಾದರೂ ಉಬ್ಬಿದೆಯಾ ಅಂತ ಚಕ್ರ ತಿರುಗಿಸಿ ನೋಡಿ. ಹಿಂದಿನ ಟೈರ್ ಮುಂದಿನದಕ್ಕಿಂತ ಬೇಗ ಸವೆಯುತ್ತದೆ. ಸವೆದಾಗ ಹೊಸದನ್ನು ಹಿಂದೆ ಹಾಕಬೇಡಿ. ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದು ಮುಂದೆ ಇರಲಿ. ಹಿಂದಿನ ಚಕ್ರ ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ಆಗುವುದಿಲ್ಲ. ಪ್ರತಿ ಸವಾರಿ ಮುಗಿದ ಮೇಲೆ ಟ್ರೆಡ್‌ನಲ್ಲಿ ಸಿಕ್ಕಿಕೊಂಡ ಗಾಜಿನ ಚೂರು, ತಂತಿಯ ತುಣುಕು ಕಿತ್ತು ತೆಗೆಯಿರಿ. ಅವು ಅಂದೇ ತೂತು ಮಾಡುವುದಿಲ್ಲ, ಎರಡು ಮೂರು ದಿನ ಕೊರೆಯುತ್ತಾ ಒಳಗಿಳಿಯುತ್ತವೆ. ಸವೆದ ಟೈರ್ ಎಸೆಯುವ ಮುಂಚೆ ಅದರ ಮೈಯಿಂದ ಎರಡು ಇಂಚಿನ ತುಂಡು ಕತ್ತರಿಸಿ, ಅಂಚಿನ ತಂತಿ ತೆಗೆದು, ಪ್ಯಾಚ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಪಕ್ಕ ಸೀಳಿದಾಗ ಟ್ಯೂಬ್ ಹೊರಗೆ ಉಬ್ಬದಂತೆ ಒಳಗಿನಿಂದ ಅಡ್ಡ ಇಡಲು ಅದಕ್ಕಿಂತ ಗಟ್ಟಿಯಾದದ್ದು ಬೇರೆ ಸಿಗುವುದಿಲ್ಲ.